ಸ್ವಯಂಚಾಲಿತ ಯಂತ್ರ ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಯ ಇಂಟರ್ನ್‌ಶಿಪ್: ಸಣ್ಣ ಉದ್ದಿಮೆದಾರರಿಗೊಂದು ಲೆಕ್ಕಾಚಾರ

ಕಳೆದ ಎರಡು ದಶಕಗಳಲ್ಲಿ ಗದಗ-ಬೆಟಗೇರಿ ಅವಳಿ ನಗರ ಹಾಗೂ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಗಿರಣಿ-ಕಾರ್ಖಾನೆಗಳಲ್ಲಿ ಯಂತ್ರಗಳ ಸ್ವರೂಪವೇ ಬದಲಾಗುತ್ತ ಬಂದಿದೆ. ಹಿಂದೆ ಗಿರಣಿ ನಿಂತರೆ ಊರಿನ ಮಿಸ್ತ್ರಿಯೇ ಬಂದು, ಪಟ್ಟಾ ಬಿಗಿದು, ಬೇರಿಂಗ್ ಬದಲಿಸಿ, ಸಂಜೆಯೊಳಗೆ ಅದನ್ನು ಚಾಲೂ ಮಾಡಿಕೊಡುತ್ತಿದ್ದನು. ಇಂದಿನ ಸ್ವಯಂಚಾಲಿತ ಯಂತ್ರ ನಿಂತಾಗ ಪ್ಯಾನೆಲ್ಲಿನ ಮೇಲೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು ಮೂಡುತ್ತದೆ. ಅದರ ಅರ್ಥ ಬಲ್ಲವರು ಹುಬ್ಬಳ್ಳಿಯಲ್ಲಿಯೋ ಬೆಂಗಳೂರಿನಲ್ಲಿಯೋ ಕೊಯಮತ್ತೂರಿನಲ್ಲಿಯೋ ಇರುತ್ತಾರೆ. ಅವರು ಬರುವವರೆಗೆ ಆಳುಗಳು ಕುಳಿತಿರಬೇಕು, ಅಂಗಳದಲ್ಲಿ ಮಾಲು ಬಿದ್ದಿರಬೇಕು, ಬ್ಯಾಂಕಿನ ಬಡ್ಡಿ ಮಾತ್ರ ನಿಲ್ಲದೆ ಏರುತ್ತಿರಬೇಕು.

ಇತ್ತ ಇದೇ ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿಗಳು ಪ್ರತಿವರ್ಷ ಇಂಟರ್ನ್‌ಶಿಪ್ಪಿಗಾಗಿ, ಅಂದರೆ ಕಡ್ಡಾಯ ಪ್ರಾಯೋಗಿಕ ತರಬೇತಿಗಾಗಿ, ಸ್ಥಳ ಹುಡುಕುತ್ತಿರುತ್ತಾರೆ. ಗಿರಣಿಗೆ ಬಲ್ಲವರು ಬೇಕು, ವಿದ್ಯಾರ್ಥಿಗೆ ಕಲಿಯಲು ಯಂತ್ರ ಬೇಕು. ಎರಡೂ ಒಂದೇ ಜಿಲ್ಲೆಯಲ್ಲಿದ್ದರೂ ಅವು ಒಂದಕ್ಕೊಂದು ಭೇಟಿಯಾಗುವುದು ವಿರಳ. ಈ ಇಂಟರ್ನ್‌ಶಿಪ್ ಎಂದರೇನು, ಆಟೊಮೇಶನ್ ಕಂಪನಿಯಲ್ಲಿ ಮೆಕ್ಯಾನಿಕಲ್ ವಿದ್ಯಾರ್ಥಿ ಏನನ್ನು ಕಲಿಯುತ್ತಾನೆ, ಅದಕ್ಕೆ ತಗಲುವ ಖರ್ಚೆಷ್ಟು, ಕಾನೂನಿನ ಕಟ್ಟಳೆಗಳೇನು ಎಂಬ ಸಂಗತಿಗಳನ್ನು ಸಣ್ಣ ಉದ್ದಿಮೆದಾರರ ದೃಷ್ಟಿಯಿಂದ ವಿವರಿಸುವುದು ಈ ಲೇಖನದ ಉದ್ದೇಶವಾಗಿದೆ.

ಜಿಲ್ಲೆಯ ಉದ್ದಿಮೆ ಮತ್ತು ಸ್ವಯಂಚಾಲನೆ

ಗದುಗಿನ ಹೆಸರು ಹತ್ತಿಯೊಡನೆ ಬಹುಕಾಲದಿಂದ ಕೂಡಿಕೊಂಡಿದೆ. ಗದಗ-1 ಎಂಬ ಹತ್ತಿಯ ತಳಿಗೆ ಈ ಊರಿನ ಹೆಸರನ್ನೇ ಇಡಲಾಗಿತ್ತು; ಮುಂದೆ ಪ್ರಸಿದ್ಧವಾದ ಲಕ್ಷ್ಮೀ ತಳಿಯೂ ಅದರ ಸಂಕರದಿಂದಲೇ ಹುಟ್ಟಿತು. 2000ನೇ ಇಸವಿಯ ಫೆಬ್ರುವರಿಯಲ್ಲಿ ಕೇಂದ್ರ ಸರಕಾರವು ಹತ್ತಿ ತಂತ್ರಜ್ಞಾನ ಮಿಷನ್ ಆರಂಭಿಸಿದಾಗ, ಅದರ ನಾಲ್ಕನೆಯ ಕಿರು ಮಿಷನ್ ಜಿನ್ನಿಂಗ್ ಹಾಗೂ ಪ್ರೆಸ್ಸಿಂಗ್ ಕಾರ್ಖಾನೆಗಳ ಆಧುನೀಕರಣಕ್ಕೆ ಮೀಸಲಾಗಿತ್ತು. ಆಳುಗಳು ಬುಟ್ಟಿಯಿಂದ ಹತ್ತಿ ಸುರಿಯುವ ಪದ್ಧತಿಯ ಸ್ಥಾನದಲ್ಲಿ ಸಾಗಣೆ ಪಟ್ಟಿ, ಸ್ವಯಂಚಾಲಿತ ಫೀಡರ್ ಹಾಗೂ ಹೈಡ್ರಾಲಿಕ್ ಬೇಲ್ ಪ್ರೆಸ್ಸುಗಳು ಬರತೊಡಗಿದ್ದು ಆ ಕಾಲದಲ್ಲಿಯೇ. ಆಧುನಿಕ ಫೀಡರಿನಲ್ಲಿ ಜಿನ್ನಿನ ಮೋಟಾರು ಎಳೆಯುವ ವಿದ್ಯುತ್ತನ್ನು ಅಳೆದು, ಹೊರೆ ಹೆಚ್ಚಾದಾಗ ಹತ್ತಿ ಉಣಿಸುವುದನ್ನು ತಗ್ಗಿಸುವ, ಕಡಿಮೆಯಾದಾಗ ಹೆಚ್ಚಿಸುವ ವ್ಯವಸ್ಥೆ ಇರುತ್ತದೆ.

ಇತರ ಉದ್ದಿಮೆಗಳ ಸ್ಥಿತಿಯೂ ಇದೇ ಬಗೆಯದು. ಕಡಲೆ, ಹೆಸರುಗಳನ್ನು ಸ್ವಚ್ಛಗೊಳಿಸುವ ಬೇಳೆ ಗಿರಣಿಗಳಲ್ಲಿ ವ್ಯಾಪಾರಸ್ಥರು ಸಾರ್ಟೆಕ್ಸ್ ಎಂದು ಕರೆಯುವ ಬಣ್ಣ ವಿಂಗಡಣೆಯ ಯಂತ್ರವಿರುತ್ತದೆ. ಅದರ ಕ್ಯಾಮರಾ ಪ್ರತಿ ಕಾಳನ್ನೂ ನೋಡಿ, ಕೆಟ್ಟದ್ದನ್ನು ಗಾಳಿಯ ಹೊಡೆತದಿಂದ ಹೊರಗೆಸೆಯುತ್ತದೆ. ಮುದ್ರಣಕ್ಕೆ ಹೆಸರಾದ ಗದಗ ನಗರದಲ್ಲಿ ಕಾಗದ ಕತ್ತರಿಸುವ ಯಂತ್ರಕ್ಕೂ ಇಂದು ಅಳತೆಗಳನ್ನು ನೆನಪಿಟ್ಟುಕೊಳ್ಳುವ ಶಕ್ತಿಯುಂಟು. ಕೈ ಅಡ್ಡ ಬಂದರೆ ಬ್ಲೇಡು ಇಳಿಯದಂತೆ ತಡೆಯುವ ಬೆಳಕಿನ ಪರದೆಯೂ ಉಂಟು. ಮುಂಡರಗಿ ತಾಲೂಕಿನ ಗಂಗಾಪುರದಲ್ಲಿ ಸಕ್ಕರೆ ಕಾರ್ಖಾನೆ ಇದೆ. ಇಂತಹ ಕಾರ್ಖಾನೆಗಳಲ್ಲಿ ಕಬ್ಬಿನ ಸಾಗಣೆಯ ವೇಗ, ಬಾಯ್ಲರಿನ ನೀರಿನ ಮಟ್ಟ ಮುಂತಾದವು ಯಂತ್ರದ ನಿಯಂತ್ರಣದಲ್ಲಿಯೇ ನಡೆಯುತ್ತವೆ. ಜಿಲ್ಲೆಯ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳೂ ದೂರದಿಂದಲೇ ನಿಗಾ ಇಡಬಹುದಾದ ಸ್ವಯಂಚಾಲಿತ ವ್ಯವಸ್ಥೆಗಳೇ ಆಗಿವೆ.

ಪ್ಯಾನೆಲ್ಲಿನೊಳಗೆ ಇರುವುದೇನು?

ಇವೆಲ್ಲವುಗಳ ಹಿಂದಿರುವ ಮುಖ್ಯ ಉಪಕರಣವನ್ನು ಪಿ.ಎಲ್.ಸಿ. ಎನ್ನುತ್ತಾರೆ. ಅದರ ಹುಟ್ಟಿನ ಕಥೆ ಉದ್ದಿಮೆದಾರರು ತಿಳಿಯತಕ್ಕದ್ದು. 1960ರ ದಶಕದಲ್ಲಿ ಕಾರು ತಯಾರಿಸುವ ಕಾರ್ಖಾನೆಗಳಲ್ಲಿ ಯಂತ್ರಗಳ ನಿಯಂತ್ರಣಕ್ಕೆ ನೂರಾರು ರಿಲೇಗಳನ್ನು ತಂತಿಯಿಂದ ಜೋಡಿಸುತ್ತಿದ್ದರು. ಕಾರಿನ ಮಾದರಿ ಬದಲಾದಾಗಲೆಲ್ಲ ತಂತಿಗಳನ್ನು ಕಿತ್ತು ಮತ್ತೆ ಜೋಡಿಸಬೇಕಾಗುತ್ತಿತ್ತು. ಈ ತೊಂದರೆಯಿಂದ ಪಾರಾಗಲು 1968ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಹೈಡ್ರಾಮ್ಯಾಟಿಕ್ ವಿಭಾಗವು ಹೊಸ ಉಪಕರಣವೊಂದಕ್ಕಾಗಿ ಬೇಡಿಕೆ ಸಲ್ಲಿಸಿತು. ಬೆಡ್‌ಫರ್ಡ್ ಅಸೋಸಿಯೇಟ್ಸ್ ಸಂಸ್ಥೆಯ ರಿಚರ್ಡ್ ಮೋರ್ಲೆ ಹಾಗೂ ಅವರ ಸಂಗಡಿಗರು ರೂಪಿಸಿದ ಮೋಡಿಕಾನ್ 084 ಎಂಬ ಉಪಕರಣವು ಅದಕ್ಕೆ ಉತ್ತರವಾಯಿತು. ಅದು ಆ ಸಂಸ್ಥೆಯ 84ನೆಯ ಯೋಜನೆಯಾದುದರಿಂದ ಆ ಹೆಸರು ಬಂದಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಉಪಕರಣಕ್ಕೆ ಆದೇಶ ಬರೆಯುವ ಭಾಷೆಯನ್ನು ಏಣಿಯ ಆಕಾರದ ಚಿತ್ರದಂತೆ ರೂಪಿಸಲಾಯಿತು. ಕಾರ್ಖಾನೆಯ ಎಲೆಕ್ಟ್ರಿಶಿಯನ್ನರು ಆಗಲೇ ಬಲ್ಲ ರಿಲೇ ನಕ್ಷೆಯಂತೆ ಅದು ಕಾಣಬೇಕು, ಅವರೇ ಅದನ್ನು ಓದಿ ದುರಸ್ತಿ ಮಾಡುವಂತಿರಬೇಕು ಎಂಬುದು ಅದರ ಹಿಂದಿನ ವಿಚಾರ. ಅರ್ಥಾತ್, ಪಿ.ಎಲ್.ಸಿ.ಯು ದೂರದ ತಜ್ಞರಿಗಷ್ಟೇ ಮೀಸಲಾದ ಗೂಢವಿದ್ಯೆಯಾಗಿ ಹುಟ್ಟಲಿಲ್ಲ. ಕಾರ್ಖಾನೆಯಲ್ಲಿಯೇ ಇರುವವರು ಅದನ್ನು ಬಳಸಬೇಕೆಂದು ಹುಟ್ಟಿತು. ಊರಿನಲ್ಲಿ ಅದನ್ನು ಓದಬಲ್ಲವರು ಇಲ್ಲದಿರುವುದು ತರಬೇತಿಯ ಕೊರತೆಯೇ ಹೊರತು ವಿದ್ಯೆಯ ಕಾಠಿಣ್ಯವಲ್ಲ.

ವಿಶ್ವವಿದ್ಯಾಲಯದ ನಿಯಮ

ಗದುಗಿನ ತೋಂಟದಾರ್ಯ ಇಂಜಿನಿಯರಿಂಗ್ ಕಾಲೇಜು, ಹುಲಕೋಟಿಯ ರೂರಲ್ ಇಂಜಿನಿಯರಿಂಗ್ ಕಾಲೇಜು ಹಾಗೂ ಲಕ್ಷ್ಮೇಶ್ವರದ ಅಗಡಿ ಇಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟವು. ಈ ವಿಶ್ವವಿದ್ಯಾಲಯದ 2022ರ ಪಠ್ಯಯೋಜನೆಯಂತೆ ಅಂತಿಮ ವರ್ಷದ ವಿದ್ಯಾರ್ಥಿಯು ಕೈಗಾರಿಕೆಯಲ್ಲಿ ಅಥವಾ ಸಂಶೋಧನಾ ಸಂಸ್ಥೆಯಲ್ಲಿ 14ರಿಂದ 20 ವಾರಗಳ ಇಂಟರ್ನ್‌ಶಿಪ್ ಪೂರೈಸಬೇಕು. ಅದಕ್ಕೆ 10 ಕ್ರೆಡಿಟ್ಟುಗಳು ದೊರೆಯುತ್ತವೆ. ಹಿಂದಿನ ಪಠ್ಯಕ್ರಮದಲ್ಲಿ ಕೆಲವೇ ವಾರಗಳ ಭೇಟಿಯಾಗಿದ್ದುದು ಇಂದು ಸುಮಾರು ನಾಲ್ಕು ತಿಂಗಳ ಕೆಲಸವಾಗಿ ಮಾರ್ಪಟ್ಟಿದೆ.

ನಾಲ್ಕು ವಾರಗಳಿಗೆ ಬರುವ ವಿದ್ಯಾರ್ಥಿಯು ಕಾರ್ಖಾನೆಯನ್ನು ನೋಡಿ ಹೋಗಬಲ್ಲನು. ನಾಲ್ಕು ತಿಂಗಳು ಇರುವ ವಿದ್ಯಾರ್ಥಿಯು ಒಂದು ಕೆಲಸವನ್ನು ಆರಂಭಿಸಿ ಮುಗಿಸಬಲ್ಲನು. ಉದ್ದಿಮೆದಾರರು ವಿದ್ಯಾರ್ಥಿಗಳನ್ನು ಕುರಿತು ಹಿಂದೆ ತಳೆದ ಅಭಿಪ್ರಾಯವನ್ನು ಮರುಪರಿಶೀಲಿಸಲು ಈ ಬದಲಾವಣೆಯೇ ಸಾಕಷ್ಟು ಕಾರಣವಾಗಿದೆ.

ಆಟೊಮೇಶನ್ ಕಂಪನಿಯಲ್ಲಿ ಕಲಿಯುವುದೇನು?

ಆಟೊಮೇಶನ್ ಎಂದೊಡನೆ ಅದು ಎಲೆಕ್ಟ್ರಾನಿಕ್ಸ್ ಅಥವಾ ಕಂಪ್ಯೂಟರ್ ಓದಿದವರ ಕೆಲಸವೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಆದೇಶ ಕೊಡುವುದು ಪಿ.ಎಲ್.ಸಿ.ಯಾದರೂ ಕೆಲಸ ನಡೆಯುವುದು ಸಿಲಿಂಡರ್, ವಾಲ್ವ್, ಗೇರು, ಸರಪಳಿ, ಪಟ್ಟಿಗಳಿಂದ. ಇವು ಮೆಕ್ಯಾನಿಕಲ್ ವಿದ್ಯಾರ್ಥಿಯ ಪಠ್ಯದಲ್ಲಿಯೇ ಇವೆ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು, ಬೆಳಗಾವಿಯ ಉದ್ಯಮಬಾಗ ಇಲ್ಲವೆ ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಆಟೊಮೇಶನ್ ಸಂಸ್ಥೆಯೊಂದರಲ್ಲಿ ಆತನ ತರಬೇತಿ ಸಾಮಾನ್ಯವಾಗಿ ನಾಲ್ಕು ಹಂತಗಳಲ್ಲಿ ಸಾಗುತ್ತದೆ.

ಮೊದಲನೆಯ ಹಂತದಲ್ಲಿ ಸುರಕ್ಷತೆ ಹಾಗೂ ನಕ್ಷೆ ಓದುವುದನ್ನು ಕಲಿಸುತ್ತಾರೆ. ವಿದ್ಯುತ್ ಕಡಿದು, ಬೀಗ ಹಾಕಿ, ಚೀಟಿ ಕಟ್ಟದೆ ಯಂತ್ರದೊಳಗೆ ಕೈ ಹಾಕಬಾರದು ಎಂಬುದು ಇಲ್ಲಿನ ಮೊದಲ ಪಾಠ. ಎರಡನೆಯ ಹಂತದಲ್ಲಿ ಗಾಳಿಯ ಹಾಗೂ ಎಣ್ಣೆಯ ಒತ್ತಡದ ವ್ಯವಸ್ಥೆಗಳು, ಸೆನ್ಸರುಗಳು, ಮೋಟಾರಿನ ವೇಗ ಬದಲಿಸುವ ಡ್ರೈವುಗಳ ಪರಿಚಯವಾಗುತ್ತದೆ. ಮೂರನೆಯ ಹಂತದಲ್ಲಿ ವಿದ್ಯಾರ್ಥಿಯು ಪಿ.ಎಲ್.ಸಿ.ಗೆ ಸಣ್ಣ ಪ್ರೋಗ್ರಾಮು ಬರೆಯುವುದು, ಬಿಡಿಭಾಗಗಳ ಪಟ್ಟಿ ಸಿದ್ಧಪಡಿಸುವುದು, ಕಂಪ್ಯೂಟರಿನಲ್ಲಿ ವಿನ್ಯಾಸ ರಚಿಸುವುದನ್ನು ಮಾಡುತ್ತಾನೆ. ಕೊನೆಯ ಹಂತದಲ್ಲಿ ಸಿದ್ಧಗೊಂಡ ಯಂತ್ರವನ್ನು ಮೊದಲು ತಯಾರಕರ ಕಾರ್ಖಾನೆಯಲ್ಲಿ, ಬಳಿಕ ಗ್ರಾಹಕರ ಸ್ಥಳದಲ್ಲಿ ಪರೀಕ್ಷಿಸಿ ಚಾಲನೆಗೆ ತರುವ ಕೆಲಸದಲ್ಲಿ ಹಿರಿಯರ ಜೊತೆಗಿರುತ್ತಾನೆ.

ಒಂದು ಸಣ್ಣ ಲೆಕ್ಕದಿಂದ ಈ ವಿದ್ಯೆಯ ಉಪಯೋಗವು ಸ್ಪಷ್ಟವಾಗಬಹುದು. ಬೇಳೆ ಗಿರಣಿಯ ಹಾಪರಿನ ಬಾಗಿಲನ್ನು ಗಾಳಿಯ ಸಿಲಿಂಡರೊಂದು ಮುಚ್ಚುತ್ತದೆ ಎಂದುಕೊಳ್ಳೋಣ. ಸಿಲಿಂಡರಿನ ಒಳವ್ಯಾಸ 50 ಮಿ.ಮೀ. ಇದ್ದರೆ ಅದರ ವಿಸ್ತೀರ್ಣ ಸುಮಾರು 19.6 ಚದರ ಸೆಂ.ಮೀ. ಆಗುತ್ತದೆ. ಕಂಪ್ರೆಸರಿನಿಂದ ಪ್ರತಿ ಚದರ ಸೆಂ.ಮೀ.ಗೆ 6 ಕಿಲೊ ಒತ್ತಡ ಬಂದರೆ ಬಾಗಿಲಿನ ಮೇಲೆ ಬೀಳುವ ಬಲ ಸುಮಾರು 118 ಕಿಲೊ. ಗಾಳಿಯ ಕೊಳವೆ ಸೋರಿ ಒತ್ತಡವು 4 ಕಿಲೊಗೆ ಇಳಿದರೆ ಬಲವೂ 79 ಕಿಲೊಗಿಂತ ಕೆಳಗಿಳಿಯುತ್ತದೆ. ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಸೆನ್ಸರು ಅದನ್ನು ಕಂಡು ಯಂತ್ರವನ್ನು ನಿಲ್ಲಿಸುತ್ತದೆ. ಪರದೆಯ ಮೇಲೆ ದೋಷದ ಸಾಲು ಕಂಡ ಮಾಲೀಕರು ಕಂಪ್ಯೂಟರ್ ಕೆಟ್ಟಿತೆಂದು ಭಾವಿಸಿ ದೂರದ ತಂತ್ರಜ್ಞರಿಗೆ ಕರೆ ಮಾಡುತ್ತಾರೆ. ವಾಸ್ತವದಲ್ಲಿ ಕೆಟ್ಟಿರುವುದು ಒಂದು ಕೊಳವೆಯ ಜೋಡಣೆ. ಸಾರ್ಟೆಕ್ಸ್ ಯಂತ್ರದಲ್ಲಿಯೂ ಇದೇ ಬಗೆಯ ಅನುಭವವಾಗಬಹುದು. ಕಂಪ್ರೆಸರಿನ ಗಾಳಿಯಲ್ಲಿ ನೀರು, ಎಣ್ಣೆಯ ಅಂಶ ಉಳಿದರೆ ಕಾಳನ್ನು ಹೊರಗೆಸೆಯುವ ಸೂಕ್ಷ್ಮ ವಾಲ್ವುಗಳು ಕೆಡುತ್ತವೆ. ದೋಷ ಪ್ಯಾನೆಲ್ಲಿನದೋ ಗಾಳಿಯದೋ ಎಂದು ಹತ್ತು ನಿಮಿಷದಲ್ಲಿ ಬೇರ್ಪಡಿಸಬಲ್ಲ ಒಬ್ಬ ವ್ಯಕ್ತಿ ಊರಿನಲ್ಲಿದ್ದರೆ ಎರಡು ದಿನಗಳ ಕಾಯುವಿಕೆ ತಪ್ಪುತ್ತದೆ.

ಅಢಾವೆ ಪತ್ರಿಕೆಯಲ್ಲಿ ಕಾಣದ ಆಸ್ತಿ

ಇಷ್ಟು ಉಪಯುಕ್ತವಾದ ಕೌಶಲಕ್ಕೆ ಉದ್ದಿಮೆದಾರರು ಹಣ ತೆಗೆದಿಡುವುದಿಲ್ಲವೇಕೆ? ಇದಕ್ಕೆ ಲೆಕ್ಕಪತ್ರದ ಪದ್ಧತಿಯೂ ಒಂದು ಕಾರಣವಾಗಿದೆ. ಸ್ಥಿರಾಸ್ತಿಗಳಿಗೆ ಸಂಬಂಧಿಸಿದ 10ನೆಯ ಲೆಕ್ಕಪತ್ರ ಮಾನಕದ ಪ್ರಕಾರ ಯಂತ್ರದ ಖರೀದಿ ಬೆಲೆ, ಸಾಗಾಟ, ಅಳವಡಿಕೆ, ಪರೀಕ್ಷೆಗಳ ಖರ್ಚನ್ನು ಯಂತ್ರದ ಮೌಲ್ಯಕ್ಕೆ ಸೇರಿಸಬಹುದು. ಸಿಬ್ಬಂದಿಯ ತರಬೇತಿ ಖರ್ಚನ್ನು ಸೇರಿಸುವಂತಿಲ್ಲ. ಅದು ಆಯಾ ವರ್ಷದ ಲಾಭ-ಹಾನಿ ಪತ್ರಿಕೆಗೆ ಹೋಗಬೇಕು. ಆದ್ದರಿಂದ 20 ಲಕ್ಷ ರೂಪಾಯಿಯ ಯಂತ್ರವು ಅಢಾವೆ ಪತ್ರಿಕೆಯಲ್ಲಿ ಆಸ್ತಿಯಾಗಿ ಕಾಣಿಸಿಕೊಳ್ಳುತ್ತದೆ, ಬ್ಯಾಂಕು ಅದರ ಮೇಲೆ ಸಾಲವನ್ನೂ ಕೊಡುತ್ತದೆ. ಆ ಯಂತ್ರವನ್ನು ನಡೆಸಬಲ್ಲ ಕೌಶಲವಾದರೋ ಯಾವ ಕಾಲಮಿನಲ್ಲಿಯೂ ಕಾಣುವುದಿಲ್ಲ. ಅದಕ್ಕೆ ಮಾಡಿದ ವೆಚ್ಚವು ಬರಿಯ ಖರ್ಚೆಂದೇ ತೋರುತ್ತದೆ. ಮಾನಕವು ತನ್ನ ಉದ್ದೇಶಕ್ಕೆ ಸರಿಯಾಗಿಯೇ ಇದೆ. ಆದರೆ ಪುಸ್ತಕದಲ್ಲಿ ಕಾಣದ್ದು ವ್ಯವಹಾರದಲ್ಲಿಯೂ ಇಲ್ಲವೆಂದು ತಿಳಿಯುವುದು ತಪ್ಪು.

ಉದಾಹರಣೆಗಾಗಿ ಕೆಲವು ಅಂಕಿಗಳನ್ನು ಊಹಿಸಿಕೊಂಡು ಲೆಕ್ಕ ಹಾಕಬಹುದು. ಒಂದು ಜಿನ್ನಿಂಗ್ ಕಾರ್ಖಾನೆಯಲ್ಲಿ ಹಂಗಾಮಿನ ದಿನಗಳಲ್ಲಿ 25 ಜನ ಆಳುಗಳಿದ್ದು, ದಿನಗೂಲಿ ತಲಾ 500 ರೂಪಾಯಿ ಎಂದಿಟ್ಟುಕೊಳ್ಳೋಣ. ಯಂತ್ರ ನಿಂತ ದಿನದ ಕೂಲಿ 12,500 ರೂಪಾಯಿ. ಅಂಗಳದಲ್ಲಿರುವ 50 ಲಕ್ಷ ರೂಪಾಯಿಯ ಹತ್ತಿಗೆ ವಾರ್ಷಿಕ ಶೇ. 12ರಂತೆ ಒಂದು ದಿನದ ಬಡ್ಡಿ 1,644 ರೂಪಾಯಿ. ವಿದ್ಯುತ್ತಿನ ನಿಗದಿತ ಶುಲ್ಕ ಮುಂತಾದ ಇತರ ಸ್ಥಿರ ಖರ್ಚು ದಿನಕ್ಕೆ 2,000 ರೂಪಾಯಿ. ಒಟ್ಟು 16,144 ರೂಪಾಯಿ. ತಂತ್ರಜ್ಞರು ಬರುವವರೆಗೆ ಎರಡು ದಿನ ಕಾದರೆ 32,288 ರೂಪಾಯಿ. ಅವರ ಪ್ರಯಾಣ ಹಾಗೂ ಭೇಟಿಯ ಶುಲ್ಕ 6,000 ರೂಪಾಯಿ ಸೇರಿದರೆ 38,288 ರೂಪಾಯಿ. ಆ ಎರಡು ದಿನಗಳಲ್ಲಿ ಕೈತಪ್ಪಿದ ಗಳಿಕೆಯನ್ನು ಇದರಲ್ಲಿ ಸೇರಿಸಿಲ್ಲ. ಹಂಗಾಮಿನಲ್ಲಿ ಇಂತಹ ಪ್ರಸಂಗ ಮೂರು ಸಲ ಬಂದರೆ ನಷ್ಟವು 1,14,864 ರೂಪಾಯಿಗೆ ಏರುತ್ತದೆ.

ಇದರ ಎದುರಿಗೆ ಇಂಟರ್ನ್‌ಶಿಪ್ಪಿನ ಖರ್ಚನ್ನಿಡಬೇಕು. ವಿದ್ಯಾರ್ಥಿಗೆ ತಿಂಗಳಿಗೆ 8,000 ರೂಪಾಯಿಯಂತೆ ನಾಲ್ಕು ತಿಂಗಳ ಸಹಾಯಧನ 32,000 ರೂಪಾಯಿ. ಪ್ರಯಾಣ ಹಾಗೂ ಅಪಘಾತ ವಿಮೆಗೆ 6,000 ರೂಪಾಯಿ. ಒಟ್ಟು 38,000 ರೂಪಾಯಿ. ಅಂದರೆ ಮೂರು ನಿಲುಗಡೆಗಳಲ್ಲಿ ಒಂದನ್ನು ತಪ್ಪಿಸಿದರೂ ಹಾಕಿದ ಹಣ ಮರಳಿದಂತೆಯೇ. ಪ್ರತಿಯೊಬ್ಬ ಉದ್ದಿಮೆದಾರರು ತಮ್ಮ ತಮ್ಮ ಕಾರ್ಖಾನೆಯ ನಿಜವಾದ ಅಂಕಿಗಳನ್ನು ಇದೇ ಪಟ್ಟಿಯಲ್ಲಿ ತುಂಬಿ ನೋಡುವುದು ಒಳಿತು. ಅದಕ್ಕಾಗಿ ಮೊದಲು ಮಾಡಬೇಕಾದದ್ದು, ಯಂತ್ರ ಎಂದು ನಿಂತಿತು, ಏಕೆ ನಿಂತಿತು, ಎಷ್ಟು ಹೊತ್ತು ನಿಂತಿತು ಎಂಬುದನ್ನು ಒಂದು ವಹಿಯಲ್ಲಿ ಬರೆದಿಡುವುದು. ಕಿರ್ದಿ-ಖತಾವಣಿಯನ್ನು ತಪ್ಪದೆ ಬರೆಯುವವರಿಗೆ ಇದು ಕಷ್ಟದ ಕೆಲಸವಲ್ಲ.

ವಿದ್ಯಾರ್ಥಿಗೆ ಒಪ್ಪಿಸಬಹುದಾದ ಕೆಲಸ

ವಿದ್ಯಾರ್ಥಿಯು ಅನುಭವಿ ತಂತ್ರಜ್ಞನಲ್ಲ. ಆತ ಬಂದೊಡನೆ ಎಲ್ಲ ದೋಷಗಳೂ ಸರಿಹೋಗುತ್ತವೆಂಬ ನಿರೀಕ್ಷೆ ಸಲ್ಲದು. ಆತನನ್ನು ಗೋಣಿಚೀಲ ಹೊರಿಸಲು, ಲೆಕ್ಕ ಬರೆಸಲು ಬಳಸಿಕೊಳ್ಳುವುದೂ ಸಲ್ಲದು. ನಾಲ್ಕು ತಿಂಗಳಲ್ಲಿ ಮುಗಿಯಬಲ್ಲ, ಅಳೆಯಬಲ್ಲ ಕೆಲಸವೊಂದನ್ನು ಕೊಡಬೇಕು.

ಯಂತ್ರ ಸರಬರಾಜು ಮಾಡಿದ ಆಟೊಮೇಶನ್ ಕಂಪನಿಯೊಡನೆ ಮಾತನಾಡಿ, ವಿದ್ಯಾರ್ಥಿಯು ಮೊದಲ ಎಂಟು ವಾರ ಆ ಕಂಪನಿಯಲ್ಲಿಯೂ ಉಳಿದ ಎಂಟು ವಾರ ಗಿರಣಿಯಲ್ಲಿಯೂ ಇರುವಂತೆ ಏರ್ಪಡಿಸುವುದು ಅತ್ಯಂತ ಫಲಕಾರಿ. ಇದಕ್ಕೆ ಕಾಲೇಜಿನ ಪೂರ್ವಾನುಮತಿ ಅವಶ್ಯ. ಕಂಪನಿಗೂ ಇದರಲ್ಲಿ ಲಾಭವಿದೆ: ಗ್ರಾಹಕರ ಸ್ಥಳದಲ್ಲಿ ತಿಳಿದವನೊಬ್ಬನಿದ್ದರೆ ಅರ್ಧದಷ್ಟು ದೋಷಗಳನ್ನು ಫೋನಿನಲ್ಲಿಯೇ ವಿಚಾರಿಸಿ ಸರಿಪಡಿಸಬಹುದು.

ಗಿರಣಿಯಲ್ಲಿ ವಿದ್ಯಾರ್ಥಿಯು ಮಾಡಬಹುದಾದ ಕೆಲಸಗಳು ಹಲವು. ಪ್ರತಿ ಸೆನ್ಸರು, ವಾಲ್ವು ಹಾಗೂ ಮೋಟಾರಿಗೆ ಸಂಖ್ಯೆಯ ಚೀಟಿ ಅಂಟಿಸಿ ಪಟ್ಟಿ ಮಾಡುವುದು. ಪರದೆಯ ಮೇಲೆ ಬರುವ ಪ್ರತಿ ದೋಷದ ಸಾಲಿಗೆ ಕನ್ನಡದಲ್ಲಿ ಅರ್ಥ ಹಾಗೂ ಮೊದಲು ನೋಡಬೇಕಾದ ಜಾಗವನ್ನು ಬರೆದು ಪ್ಯಾನೆಲ್ಲಿನ ಬಾಗಿಲಿನ ಒಳಬದಿಗೆ ಅಂಟಿಸುವುದು. ಸದಾ ಸಂಗ್ರಹದಲ್ಲಿರಬೇಕಾದ ಬಿಡಿಭಾಗಗಳ ಪಟ್ಟಿ ತಯಾರಿಸುವುದು. ಗಾಳಿಯ ಸೋರಿಕೆಗಳನ್ನು ಹುಡುಕುವುದು. ಪಿ.ಎಲ್.ಸಿ. ಪ್ರೋಗ್ರಾಮಿನ ಪ್ರತಿಯನ್ನು ತೆಗೆದು ಎರಡು ಕಡೆ ಜೋಪಾನ ಮಾಡುವುದು ಇವೆಲ್ಲಕ್ಕಿಂತ ಮುಖ್ಯ. ಹಳೆಯ ಮಾದರಿಯ ಕೆಲವು ಪಿ.ಎಲ್.ಸಿ.ಗಳಲ್ಲಿ ಒಳಗಿನ ಬ್ಯಾಟರಿ ಮುಗಿದರೆ ಪ್ರೋಗ್ರಾಮೇ ಅಳಿಸಿಹೋಗುತ್ತದೆ. ಹೊಸ ಯಂತ್ರ ಕೊಳ್ಳುವಾಗ ಪ್ರೋಗ್ರಾಮಿನ ಪ್ರತಿ, ಅದರ ಪಾಸ್‌ವರ್ಡ್ ಹಾಗೂ ವಿದ್ಯುತ್ ನಕ್ಷೆಗಳನ್ನು ಕೊಡಬೇಕೆಂಬ ಷರತ್ತನ್ನು ಖರೀದಿಯ ಆದೇಶದಲ್ಲಿಯೇ ಬರೆಸತಕ್ಕದ್ದು. ಕೊನೆಯ ಕಂತು ಪಾವತಿಯಾದ ಬಳಿಕ ಕೇಳಿದರೆ ಅವು ಸುಲಭವಾಗಿ ದೊರೆಯುವುದಿಲ್ಲ.

ಕಾಲದ ಹೊಂದಾಣಿಕೆಯೂ ಅನುಕೂಲಕರವಾಗಿದೆ. ಎಂಟನೆಯ ಸೆಮಿಸ್ಟರ್ ಸಾಮಾನ್ಯವಾಗಿ ವರ್ಷದ ಮೊದಲಾರ್ಧದಲ್ಲಿ ಬರುತ್ತದೆ. ಹತ್ತಿಯ ಹಂಗಾಮು ಇಳಿಮುಖವಾಗಿ, ಜಿನ್ನುಗಳನ್ನು ಬಿಚ್ಚಿ ದುರಸ್ತಿ ಮಾಡುವ ಕಾಲವೂ ಅದೇ. ವಿದ್ಯಾರ್ಥಿಯು ಹಂಗಾಮಿನ ಕೊನೆಯಲ್ಲಿ ನಡೆಯುವ ಯಂತ್ರವನ್ನೂ ಬಳಿಕ ಬಿಚ್ಚಿದ ಯಂತ್ರವನ್ನೂ ನೋಡಲು ಅವಕಾಶವಾಗುತ್ತದೆ.

ಇಂಟರ್ನ್ ಬೇರೆ, ಅಪ್ರೆಂಟಿಸ್ ಬೇರೆ

ಈ ಎರಡು ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದರಿಂದ ಗೊಂದಲವುಂಟಾಗುತ್ತದೆ. ಇಂಟರ್ನ್ ಎಂದರೆ ಪಠ್ಯಕ್ರಮದ ಭಾಗವಾಗಿ, ಕಾಲೇಜಿನ ಪತ್ರದೊಡನೆ ಬರುವ ವಿದ್ಯಾರ್ಥಿ. ಆತನಿಗಾಗಿ ಪ್ರತ್ಯೇಕ ಕೇಂದ್ರ ಕಾಯ್ದೆ ಇಲ್ಲ. ಅಪ್ರೆಂಟಿಸ್ ಎಂದರೆ 1961ರ ಅಪ್ರೆಂಟಿಸ್ ಕಾಯ್ದೆಯ ಅಡಿಯಲ್ಲಿ ನೋಂದಾಯಿತ ಕರಾರಿನ ಮೇರೆಗೆ ತರಬೇತಿ ಪಡೆಯುವವನು. ಪದವೀಧರ ಹಾಗೂ ಡಿಪ್ಲೊಮಾ ಅಪ್ರೆಂಟಿಸರನ್ನು 1973ರ ತಿದ್ದುಪಡಿಯಿಂದ ಈ ಕಾಯ್ದೆಯ ವ್ಯಾಪ್ತಿಗೆ ತರಲಾಯಿತು. ಕಾಯ್ದೆಯ 18ನೆಯ ಕಲಮಿನಂತೆ ಅಪ್ರೆಂಟಿಸನು ತರಬೇತಿದಾರನೇ ಹೊರತು ಕಾರ್ಮಿಕನಲ್ಲ. ವೇತನ ಸಂಹಿತೆಯ ನೌಕರ ಎಂಬ ವ್ಯಾಖ್ಯೆಯಿಂದಲೂ ಈ ಕಾಯ್ದೆಯಡಿಯ ಅಪ್ರೆಂಟಿಸರನ್ನು ಹೊರಗಿಡಲಾಗಿದೆ.

ಈ ರಕ್ಷಣೆಯು ಕಾಲೇಜಿನ ಇಂಟರ್ನ್‌ಗೆ ತಾನಾಗಿಯೇ ಅನ್ವಯಿಸುವುದಿಲ್ಲ. ಇಂಟರ್ನ್ ಎಂಬ ಹೆಸರಿಟ್ಟು ದಿನನಿತ್ಯದ ಉತ್ಪಾದನೆಯಲ್ಲಿ ಆಳಿನಂತೆ ದುಡಿಸಿಕೊಂಡರೆ, ಮುಂದೆ ವಿವಾದವೆದ್ದಾಗ ಹೆಸರಿಗಿಂತ ಕೆಲಸದ ಸ್ವರೂಪವೇ ಮುಖ್ಯವಾಗಬಹುದು. ಆದುದರಿಂದ ಕಾಗದಪತ್ರಗಳು ಸರಿಯಾಗಿರುವುದರ ಜೊತೆಗೆ ಕೆಲಸವೂ ನಿಜವಾದ ತರಬೇತಿಯಾಗಿರಬೇಕು.

ಅಪ್ರೆಂಟಿಸ್ ನಿಯಮಗಳಿಗೆ 2019ರಲ್ಲಿ ಆದ ತಿದ್ದುಪಡಿಯಂತೆ 30 ಅಥವಾ ಹೆಚ್ಚು ಸಿಬ್ಬಂದಿಯುಳ್ಳ ಸಂಸ್ಥೆಗಳು ಒಟ್ಟು ಸಿಬ್ಬಂದಿಯ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಸಿಬ್ಬಂದಿ ಇರುವಲ್ಲಿ ಅದು ಐಚ್ಛಿಕ. ಗುತ್ತಿಗೆಯ ಸಿಬ್ಬಂದಿಯೂ ಈ ಎಣಿಕೆಗೆ ಸೇರುತ್ತಾರೆ. ಅದೇ ತಿದ್ದುಪಡಿಯು ಕನಿಷ್ಠ ಮಾಸಿಕ ಸಹಾಯಧನವನ್ನು ಪದವೀಧರರಿಗೆ 9,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 8,000 ರೂಪಾಯಿ ಎಂದು ನಿಗದಿಪಡಿಸಿತು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ ಕನಿಷ್ಠ ಸಹಾಯಧನದ ಅರ್ಧವನ್ನು ಕೇಂದ್ರ ಸರಕಾರ ಭರಿಸುತ್ತದೆ. ಸಹಾಯಧನವನ್ನು ಶೇ. 36ರಷ್ಟು ಹೆಚ್ಚಿಸಲು ಕೇಂದ್ರ ಅಪ್ರೆಂಟಿಸ್‌ಶಿಪ್ ಪರಿಷತ್ತು 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿದೆ. ಕರಾರು ಮಾಡಿಕೊಳ್ಳುವ ದಿನದಂದು ಜಾರಿಯಲ್ಲಿರುವ ದರವನ್ನು ಪರಿಶೀಲಿಸಿಕೊಳ್ಳಬೇಕು. 2024ರ ಅಕ್ಟೋಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯು ದೇಶದ ಅಗ್ರ 500 ಕಂಪನಿಗಳನ್ನು ಉದ್ದೇಶಿಸಿದ್ದು, ಪೂರ್ಣಾವಧಿಯ ವಿದ್ಯಾರ್ಥಿಗಳಿಗೆ ಅದು ಅನ್ವಯಿಸದು. ಸಣ್ಣ ಉದ್ದಿಮೆದಾರರು ಅದನ್ನು ನಂಬಿ ಕಾಯಬೇಕಾಗಿಲ್ಲ.

ಹೀಗಾಗಿ ಉದ್ದಿಮೆದಾರರ ಮುಂದೆ ಎರಡು ಮೆಟ್ಟಿಲುಗಳಿವೆ. ಮೊದಲು ನಾಲ್ಕು ತಿಂಗಳ ಇಂಟರ್ನ್‌ಶಿಪ್ಪಿನಲ್ಲಿ ವಿದ್ಯಾರ್ಥಿಯನ್ನು ಪರೀಕ್ಷಿಸಬಹುದು; ಯೋಗ್ಯನೆಂದು ಕಂಡುಬಂದರೆ, ಪದವಿ ಪಡೆದ ಬಳಿಕ ಸರಕಾರದ ಸಹಾಯದೊಡನೆ ಒಂದು ವರ್ಷ ಅಪ್ರೆಂಟಿಸ್ ಆಗಿ ಇರಿಸಿಕೊಳ್ಳಬಹುದು.

ಕರಾರಿನಲ್ಲಿರಬೇಕಾದ ಅಂಶಗಳು

ಕಾಲೇಜು, ವಿದ್ಯಾರ್ಥಿ ಹಾಗೂ ಸಂಸ್ಥೆ ಈ ಮೂವರ ನಡುವೆ ಒಂದೆರಡು ಪುಟಗಳ ಲಿಖಿತ ಒಪ್ಪಂದವಿರುವುದು ಅವಶ್ಯ. ಅದರಲ್ಲಿ ಈ ಕೆಳಗಿನ ಅಂಶಗಳಿರಬೇಕು:

1. ತರಬೇತಿಯ ಆರಂಭ ಹಾಗೂ ಮುಕ್ತಾಯದ ದಿನಾಂಕ, ದಿನದ ವೇಳೆ ಮತ್ತು ಒಪ್ಪಿಸಿದ ಕೆಲಸದ ಸ್ಪಷ್ಟ ವಿವರ.

2. ಸಹಾಯಧನದ ಮೊತ್ತ. ಅದನ್ನು ಬ್ಯಾಂಕ್ ಖಾತೆಯ ಮೂಲಕವೇ ಪಾವತಿಸಿ, ಕೂಲಿಯ ಖಾತೆಯಲ್ಲಿ ಸೇರಿಸದೆ ತರಬೇತಿ ವೆಚ್ಚ ಎಂಬ ಪ್ರತ್ಯೇಕ ಖಾತೆಯಲ್ಲಿ ತೋರಿಸುವುದು ಒಳಿತು.

3. ಅಪಘಾತ ವಿಮೆಯನ್ನು ಯಾರು ಮಾಡಿಸಬೇಕೆಂಬುದು. ವಿಮೆಯಿಲ್ಲದೆ ಯಾರನ್ನೂ ಯಂತ್ರದ ಬಳಿ ಬಿಡಬಾರದು.

4. ಸಂಸ್ಥೆಯ ಪರವಾಗಿ ಮಾರ್ಗದರ್ಶನ ಮಾಡುವ ಒಬ್ಬ ಹಿರಿಯರ ಹೆಸರು. ಅನುಭವಿ ಮಿಸ್ತ್ರಿಯನ್ನೇ ಜೊತೆ ಮಾಡಿದರೆ ಇಬ್ಬರೂ ಒಬ್ಬರಿಂದೊಬ್ಬರು ಕಲಿಯುತ್ತಾರೆ.

5. ವಿದ್ಯುತ್ ಹರಿಯುತ್ತಿರುವ ಪ್ಯಾನೆಲ್ಲನ್ನು ವಿದ್ಯಾರ್ಥಿಯು ಒಬ್ಬನೇ ತೆರೆಯತಕ್ಕದ್ದಲ್ಲ ಎಂಬ ಷರತ್ತು.

6. ವ್ಯಾಪಾರದ ಗುಟ್ಟುಗಳ ಗೌಪ್ಯತೆ. ವರದಿ ಹಾಗೂ ಪ್ರೋಗ್ರಾಮಿನ ಪ್ರತಿಯನ್ನು ಸಂಸ್ಥೆಗೆ ಒಪ್ಪಿಸುವ ಹೊಣೆ. ದಿನಚರಿ ಪುಸ್ತಕಕ್ಕೆ ವಾರಕ್ಕೊಮ್ಮೆ ಸಹಿ.

ಕಲಿಯದವನಿಗೆ ಪ್ರಮಾಣಪತ್ರ ಕೊಡದಿರುವುದೂ ಉದ್ದಿಮೆದಾರರ ಹೊಣೆಯೇ. ಬಾರದೆ ಇದ್ದವನಿಗೆ ಮುಲಾಜಿಗಾಗಿ ಬರೆದುಕೊಟ್ಟ ಪತ್ರವು, ನಾಳೆ ಅದನ್ನು ನಂಬಿ ಆತನನ್ನು ಕೆಲಸಕ್ಕೆ ತೆಗೆದುಕೊಳ್ಳುವ ಇನ್ನೊಬ್ಬ ಉದ್ದಿಮೆದಾರರಿಗೆ ಮಾಡಿದ ಮೋಸವಾಗುತ್ತದೆ.

ಒಬ್ಬರಿಂದಾಗದ್ದು ಹಲವರಿಂದ

ಪದವಿ ಮುಗಿದ ಮೇಲೆ ಹುಡುಗ ಬೆಂಗಳೂರಿಗೆ ಹೋದರೆ ಇಷ್ಟೆಲ್ಲ ಮಾಡಿ ಪ್ರಯೋಜನವೇನು ಎಂಬ ಪ್ರಶ್ನೆ ಸಹಜವಾದುದು. ಒಂದು ಸಣ್ಣ ಗಿರಣಿಯಲ್ಲಿ ವರ್ಷವಿಡೀ ಒಬ್ಬ ಇಂಜಿನಿಯರನಿಗೆ ಸಾಕಾಗುವಷ್ಟು ಕೆಲಸವೂ ಇರುವುದಿಲ್ಲ, ಪೇಟೆಯ ಸಂಬಳ ಕೊಡುವ ಶಕ್ತಿಯೂ ಇರುವುದಿಲ್ಲ. ಆದರೆ ಆರು ಅಥವಾ ಎಂಟು ಸಂಸ್ಥೆಗಳು ಕೂಡಿದರೆ ಎರಡೂ ಸಾಧ್ಯ. ಹತ್ತಿಯ ಹಂಗಾಮಿನಲ್ಲಿ ಜಿನ್ನಿಂಗ್, ಕಡಲೆಯ ಕಾಲದಲ್ಲಿ ಬೇಳೆ ಗಿರಣಿ, ಶಾಲೆ ಆರಂಭಕ್ಕೆ ಮುನ್ನ ನೋಟ್‌ಬುಕ್ ತಯಾರಿಕೆ, ವರ್ಷದ ಕೊನೆಗೆ ಕ್ಯಾಲೆಂಡರ್ ಮುದ್ರಣ ಹೀಗೆ ಬೇರೆ ಬೇರೆ ಉದ್ದಿಮೆಗಳ ಒತ್ತಡದ ತಿಂಗಳುಗಳು ಬೇರೆ ಬೇರೆಯಾಗಿರುವುದು ಇದಕ್ಕೆ ಅನುಕೂಲಕರವೇ ಆಗಿದೆ.

ಕಾನೂನೂ ಇದಕ್ಕೆ ಅವಕಾಶ ಕೊಟ್ಟಿದೆ. ಹಲವು ಉದ್ದಿಮೆದಾರರು ತಾವೇ ಒಟ್ಟುಗೂಡಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯೊಂದರ ಮೂಲಕ ಅಪ್ರೆಂಟಿಸರಿಗೆ ತರಬೇತಿ ನೀಡಬಹುದೆಂದು ಅಪ್ರೆಂಟಿಸ್ ಕಾಯ್ದೆಯ 8ನೆಯ ಕಲಮಿನಲ್ಲಿ ಹೇಳಲಾಗಿದೆ. ವಾಣಿಜ್ಯೋದ್ಯಮ ಸಂಸ್ಥೆಯು ಇಂತಹ ಕೂಟಕ್ಕೆ ಮಧ್ಯವರ್ತಿಯಾಗಿ ನಿಲ್ಲುವುದು ಯೋಗ್ಯವಾದ ಕಾರ್ಯವಾದೀತು.

ಕೂಡಿ ಮಾಡುವ ಪದ್ಧತಿ ಈ ನೆಲಕ್ಕೆ ಹೊಸದಲ್ಲ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಹಕಾರ ಸಂಘ ಸ್ಥಾಪನೆಯಾಯಿತು. ಒಬ್ಬ ರೈತನಿಗೆ ಸಿಗದ ಸಾಲವು ಹತ್ತು ರೈತರು ಕೂಡಿದಾಗ ಸಿಕ್ಕಿತು. ಅಂದು ಕೊರತೆಯಿದ್ದದ್ದು ಬಂಡವಾಳಕ್ಕೆ. ಇಂದು ಯಂತ್ರಕ್ಕೆ ಸಾಲ ಕೊಡಲು ಬ್ಯಾಂಕುಗಳು ಸಿದ್ಧವಿವೆ, ಕೊರತೆಯಿರುವುದು ಆ ಯಂತ್ರವನ್ನು ಅರಿತವರಿಗೆ.

ಮುಂದಿನ ಸೆಮಿಸ್ಟರಿಗೆ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳಬೇಕೆನ್ನುವವರು ಎರಡು ತಿಂಗಳು ಮುಂಚಿತವಾಗಿಯೇ ಹತ್ತಿರದ ಕಾಲೇಜಿನ ತರಬೇತಿ ಹಾಗೂ ಉದ್ಯೋಗ ವಿಭಾಗಕ್ಕೆ ಪತ್ರ ಬರೆದು, ತಮ್ಮಲ್ಲಿರುವ ಯಂತ್ರದ ವಿವರ ಮತ್ತು ಕೊಡಬಹುದಾದ ಕೆಲಸವನ್ನು ತಿಳಿಸಬೇಕು. ಆ ಪತ್ರದೊಡನೆ ಯಂತ್ರ ನಿಂತ ದಿನಗಳ ವಹಿಯ ಒಂದು ಪ್ರತಿಯನ್ನು ಲಗತ್ತಿಸಿದರೆ, ವಿದ್ಯಾರ್ಥಿಯ ಕೆಲಸ ಎಲ್ಲಿಂದ ಆರಂಭವಾಗಬೇಕೆಂಬುದು ಕಾಲೇಜಿನ ಪ್ರಾಧ್ಯಾಪಕರಿಗೆ ಮೊದಲ ಪುಟದಲ್ಲಿಯೇ ತಿಳಿಯುತ್ತದೆ.